ಪಳಗಿದ ಬಟ್ಟಲು

(ಮಣ್ಣಿನ ಕೆಲಸ ಕಲಿಯುತ್ತಿರುವ ಗೆಳೆಯರ ಮುಂದೆ ಒಂದು ಸಂಜೆ ಆಡಿದ ಮಾತು. ಬರಹಕ್ಕಿಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಈ ಬಟ್ಟಲನ್ನು ಮನೆಗೆ ತಂದ ಮೊದಲ ದಿನವೇ ಅದು ಸೋರಿತು.

ಜಪಾನಿನ ದೊಡ್ಡ ದ್ವೀಪದ ಪಶ್ಚಿಮ ತುದಿಯಲ್ಲಿ, ಸಮುದ್ರದ ಪಕ್ಕ, ಹಾಗಿ ಅಂತ ಒಂದು ಊರಿದೆ. 11 ವರ್ಷದ ಹಿಂದೆ ಅಲ್ಲಿನ ಒಂದು ಸಣ್ಣ ಅಂಗಡಿಯಲ್ಲಿ ಇದನ್ನು ಕೊಂಡೆ. ಬೆಂಗಳೂರಿಗೆ ಬಂದು, ಬಟ್ಟೆಯ ಸುತ್ತು ಬಿಚ್ಚಿ, ಬಿಸಿನೀರು ತುಂಬಿ ಮೇಜಿನ ಮೇಲಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಎತ್ತಿದರೆ ಕೆಳಗೆ ಬಳೆಯ ಹಾಗೆ ನೀರಿನ ಗುರುತು. ದಾರಿಯಲ್ಲಿ ಒಡೆದಿರಬೇಕು ಅಂದುಕೊಂಡೆ. ಬೆಳಕಿಗೆ ಹಿಡಿದು ನೋಡಿದೆ. ಬೆರಳಿನಿಂದ ತಟ್ಟಿ ಸದ್ದು ಕೇಳಿದೆ. ಎಲ್ಲೂ ಸೀಳಿಲ್ಲ. ಆ ರಾತ್ರಿ ತುಂಬ ಬೇಸರವಾಗಿತ್ತು.

ಪೆಟ್ಟಿಗೆಯೊಳಗೆ ಒಂದು ಚೀಟಿ ಇತ್ತು. ಜಪಾನಿ ಬಲ್ಲ ಗೆಳತಿಯ ಹತ್ತಿರ ಓದಿಸಿದೆ. ಹೊಸ ಬಟ್ಟಲು ಸೋರಬಹುದು, ಹೆದರಬೇಡಿ. ಅಕ್ಕಿ ತೊಳೆದ ನೀರಿನಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿ ಕಾಯಿಸಿ, ಹಾಗೇ ಆರಲು ಬಿಡಿ. ಬಳಸುತ್ತಾ ಹೋದರೆ ಸೋರುವುದು ತಾನೇ ನಿಲ್ಲುತ್ತದೆ. ಚೀಟಿಯಲ್ಲಿ ಇದ್ದದ್ದು ಇಷ್ಟು. ಕೇಳಿದ ಕೂಡಲೇ ಅಜ್ಜಿ ಕಣ್ಣಮುಂದೆ ಬಂದಳು. ಸಂತೆಯಿಂದ ಹೊಸ ಮಡಕೆ ತಂದರೆ ಆಕೆ ಅದನ್ನು ನೇರ ಒಲೆಗೇರಿಸುತ್ತಿರಲಿಲ್ಲ. ನೀರಲ್ಲಿ ನೆನೆಸಿ, ಗಂಜಿ ಹೊಯ್ದು, ಎರಡು ಮೂರು ದಿನ ಆರೈಕೆ ಮಾಡುತ್ತಿದ್ದಳು. "ಪಳಗಿಸದೆ ಅಡುಗೆಗೆ ಇಟ್ರೆ ಮಡಕೆ ಮಾತು ಕೇಳಲ್ಲ" ಅನ್ನುತ್ತಿದ್ದಳು. ಎಲ್ಲಿಯ ಹಾಗಿ, ಎಲ್ಲಿಯ ನಮ್ಮ ಅಡುಗೆಮನೆ! ಮಣ್ಣಿನ ಸಣ್ಣ ತೂತುಗಳನ್ನು ಗಂಜಿ ತುಂಬುತ್ತದೆ ಎಂಬುದು ಎರಡೂ ಕಡೆ ಗೊತ್ತಿತ್ತು.

ನಾವು ಪಳಗಿಸುವುದು ಅನ್ನುತ್ತೇವೆ. ಜಪಾನಿನವರು ಚಹಾ ಬಟ್ಟಲಿಗೆ ಇನ್ನೊಂದು ಮಾತು ಬಳಸುತ್ತಾರೆ: ಸೊದತೆರು. ಅಂದರೆ ಬೆಳೆಸುವುದು. ಮಗುವನ್ನು ಬೆಳೆಸುವುದು, ಗಿಡ ಬೆಳೆಸುವುದು ಅನ್ನುವಾಗ ಬರುವ ಮಾತೇ ಇದು. ಇವತ್ತು ನಾನು ಹೇಳಬೇಕೆಂದು ಬಂದಿರುವುದೂ ಇದನ್ನೇ. ಮಡಕೆ ಸುಡುವ ಆವಿಗೆಯಿಂದ ಹೊರಬಂದಾಗ ಚಹಾ ಬಟ್ಟಲು ಅರ್ಧ ಆಗಿರುತ್ತದೆ. ಉಳಿದ ಅರ್ಧ ಆಗುವುದು ಬಳಸುವವರ ಕೈಯಲ್ಲಿ, ಬಾಯಲ್ಲಿ, ಮನೆಯಲ್ಲಿ.

ಬಟ್ಟಲು ಈಗ ಮುಂದಿನ ಸಾಲಿನಿಂದ ಹೊರಡುತ್ತದೆ. ನಾನು ಮಾತಾಡುತ್ತಿರುತ್ತೇನೆ, ನೀವು ಒಬ್ಬರಿಂದ ಒಬ್ಬರಿಗೆ ದಾಟಿಸಿ. ಉಂಗುರ, ಕೈಗಡಿಯಾರ ಇದ್ದರೆ ತೆಗೆದಿಡಿ. ಬಲಗೈಯಲ್ಲಿ ಎತ್ತಿ ಎಡ ಅಂಗೈ ಮೇಲೆ ಕೂರಿಸಿ, ಬಲಗೈಯಿಂದ ಪಕ್ಕವನ್ನು ಸುತ್ತಿ ಹಿಡಿಯಿರಿ. ಚಹಾ ಕೋಣೆಯಲ್ಲಿ ನೆಲದ ಮೇಲೆ ಕೂತು ಬಟ್ಟಲು ನೋಡುವಾಗ ಮೊಣಕೈಗಳನ್ನು ತೊಡೆಯ ಮೇಲೆ ಊರಿ, ಬಗ್ಗಿ ನೋಡುತ್ತಾರೆ. ಕೈ ಜಾರಿದರೂ ಬೀಳುವ ದೂರ ಒಂದು ಗೇಣು ಮಾತ್ರ. 400 ವರ್ಷದ ಹಿಂದಿನ ಬಟ್ಟಲುಗಳು ಇನ್ನೂ ಬಳಕೆಯಲ್ಲಿವೆ ಎಂದರೆ ಇಂಥ ಸಣ್ಣ ಸಣ್ಣ ಅಭ್ಯಾಸಗಳೂ ಅದಕ್ಕೆ ಕಾರಣ.

ಈ ಬಟ್ಟಲಿಗೆ ಯಾಕೆ ಈ ಆಕಾರ ಅಂತ ಮೊದಲು ನೋಡೋಣ. ಇದು ಮಾಚಾ ಕುಡಿಯುವ ಬಟ್ಟಲು. ನಾವು ಚಹಾ ಸೊಪ್ಪನ್ನು ಕುದಿಸಿ ಸೋಸುತ್ತೇವೆ. ಅಲ್ಲಿ ಎಲೆಯನ್ನೇ ನುಣ್ಣಗೆ ಬೀಸಿದ ಹಸಿರು ಪುಡಿ. ಅದನ್ನು ಬಟ್ಟಲಿಗೆ ಹಾಕಿ, ಬಿಸಿನೀರು ಹೊಯ್ದು, ಬಿದಿರಿನ ಕಡೆಗೋಲಿನಿಂದ ಅದರಲ್ಲೇ ಕಡೆಯುತ್ತಾರೆ. ನಾರಾ ಹತ್ತಿರದ ತಕಯಾಮ ಎಂಬಲ್ಲಿ ಈ ಕಡೆಗೋಲು ಮಾಡುವ ಮನೆಗಳಿವೆ. ಒಂದೇ ಬಿದಿರಿನ ತುಂಡನ್ನು ಕೂದಲೆಳೆಯಷ್ಟು ತೆಳ್ಳಗೆ ಸೀಳಿ ಮಾಡುತ್ತಾರೆ. ಅಂದರೆ ಇದು ಪಾತ್ರೆಯೂ ಹೌದು, ಲೋಟವೂ ಹೌದು. ಕಡೆಗೋಲು ಓಡಾಡಲು ತಳದಲ್ಲಿ ಜಾಗ ಬೇಕು. ಚಹಾ ಹೊರಗೆ ಹಾರದಷ್ಟು ಗೋಡೆ ಎತ್ತರ ಬೇಕು. ಎರಡೂ ಅಂಗೈ ಸೇರಿದರೆ ಹಿಡಿಯುವಷ್ಟು ಗಾತ್ರ ಇರಬೇಕು. ಸಾಮಾನ್ಯವಾಗಿ ಬಾಯಿ 12 ಸೆಂಟಿಮೀಟರ್ ಆಸುಪಾಸು, ಎತ್ತರ 8 ಸೆಂಟಿಮೀಟರ್ ಆಸುಪಾಸು. ಚಳಿಗಾಲಕ್ಕೆ ಬಿಸಿ ಹಿಡಿದಿಡುವ ಕೊಳವೆಯಂಥ ಬಟ್ಟಲು, ಬೇಸಿಗೆಗೆ ಬೇಗ ಆರುವ ಅಗಲ ಬಾಯಿಯ ಬಟ್ಟಲು. ಇಷ್ಟು ಕಟ್ಟಳೆಯ ಒಳಗೆ ಉಳಿದದ್ದೆಲ್ಲ ಕುಂಬಾರನಿಗೆ ಬಿಟ್ಟದ್ದು.

ನಮ್ಮ ಸ್ಟೀಲ್ ಲೋಟದಲ್ಲಿ ಬಿಸಿ ಕಾಫಿ ಹಾಕಿದರೆ ಅಂಚು ಮಾತ್ರ ಹಿಡಿಯಬೇಕು, ಅಲ್ವಾ? ದಪ್ಪ ಗೋಡೆಯ, ಮೆತ್ತನೆ ಸುಟ್ಟ ಮಣ್ಣಿನ ಬಟ್ಟಲು ಹಾಗಲ್ಲ. ಬಿಸಿ ನಿಧಾನವಾಗಿ ದಾಟಿ ಬರುತ್ತದೆ. ಅಂಗೈ ಬೆಚ್ಚಗಾಗುತ್ತದೆ, ಸುಡುವುದಿಲ್ಲ. ಹಿಡಿ ಇಲ್ಲದಿದ್ದರೂ ನಡೆಯುತ್ತದೆ.

ಗಟ್ಟಿ ಚಹಾ ಕೊಡುವಾಗ ಎಲ್ಲ ಅತಿಥಿಗಳಿಗೂ ಒಂದೇ ಬಟ್ಟಲು ಎಂಬುದು ಹಳೆಯ ಕ್ರಮ. ಒಬ್ಬರು ಕುಡಿದು, ತುಟಿ ತಾಗಿದ ಜಾಗ ಒರೆಸಿ, ಪಕ್ಕದವರಿಗೆ ಕೊಡುತ್ತಾರೆ. ಎಂಜಲಿನ ಲೆಕ್ಕ ಗಟ್ಟಿಯಾಗಿದ್ದ ಮನೆಯಲ್ಲಿ ಬೆಳೆದವನು ನಾನು. ಮೊದಲ ಸಲ ಬಟ್ಟಲು ನನ್ನ ಕೈಗೆ ಬಂದಾಗ ಒಂದು ಕ್ಷಣ ತಡೆದೆ. ಆಮೇಲೆ ಕುಡಿದೆ. ನನಗಿಂತ ಮೊದಲು ಹಿಡಿದವರ ಕೈ ಬಿಸಿ ಬಟ್ಟಲಿನಲ್ಲಿತ್ತು. ಅದು ಈಗಲೂ ನೆನಪಿದೆ.

ಬಟ್ಟಲು ನೋಡುವ ಸರದಿ ಬರುವುದು ಕುಡಿದ ಮೇಲೆ. ಮೊದಲು ತೂಕ. ಕಣ್ಣು ಒಂದು ತೂಕ ಊಹಿಸಿರುತ್ತದೆ, ಕೈಗೆ ಇನ್ನೊಂದು ಸಿಗುತ್ತದೆ. ಇದಕ್ಕೆ ಅವರಲ್ಲಿ ತೆದೊರಿ ಎಂಬ ಮಾತಿದೆ. ಆಮೇಲೆ ಅಂಚು, ತುಟಿಗೆ ಅದು ಹೇಗೆ ತಾಗಿತು ಅಂತ. ಆಮೇಲೆ ಒಳಗೆ. ತಳದಲ್ಲಿ ಒಂದು ಸಣ್ಣ ಗುಳಿ ಇರುತ್ತದೆ, ಕೊನೆಯ ಹನಿಗಳು ಬಂದು ನಿಲ್ಲುವ ಕೆರೆ ಅದು. ಮೆರುಗು, ಅಂದರೆ ಸುಡುವಾಗ ಕರಗಿ ಗಾಜಿನಂತಾಗುವ ಲೇಪ, ಎಲ್ಲಿ ಹರಿಯಿತು, ಎಲ್ಲಿ ನಿಂತಿತು, ಉರಿ ಎಲ್ಲಿ ತಾಗಿತು ಎಂಬುದಕ್ಕೆಲ್ಲ ಸೇರಿ ಕೆಶಿಕಿ ಎನ್ನುತ್ತಾರೆ. ಬೆಟ್ಟ ಹತ್ತಿ ನಿಂತು ನೋಡುವ ನೋಟಕ್ಕೂ ಅದೇ ಹೆಸರು.

ಕೊನೆಗೆ ಬಟ್ಟಲನ್ನು ಬೋರಲು ಹಾಕಿ ನೋಡಬೇಕು. ದಯವಿಟ್ಟು ನೀವೂ ಹಾಗೇ ನೋಡಿ. ಕೆಳಗೆ ಬಳೆಯಂಥ ಕಾಲು ಇದೆಯಲ್ಲ, ಅದಕ್ಕೆ ಕೋದೈ ಎನ್ನುತ್ತಾರೆ. ಬಹಳಷ್ಟು ಬಟ್ಟಲುಗಳಲ್ಲಿ ಇಲ್ಲಿ ಮೆರುಗು ಇರುವುದಿಲ್ಲ, ಬರಿ ಮಣ್ಣು ಕಾಣುತ್ತದೆ. ಕುಂಬಾರ ಕಾಲನ್ನು ಕೆತ್ತಿದ ಬಗೆ, ಎಷ್ಟು ಬೇಗ ಕೆತ್ತಿದ, ಕೈ ಎಲ್ಲಿ ಎತ್ತಿದ, ಮಣ್ಣು ಮರಳು ಮರಳೇ ನುಣುಪೇ ಎಲ್ಲವೂ ಇಲ್ಲಿ ಗೊತ್ತಾಗುತ್ತದೆ. ಅವರು ಇದನ್ನು ತ್ಸುಚಿಯಾಜಿ ಎನ್ನುತ್ತಾರೆ. ನೇರ ಕನ್ನಡದಲ್ಲಿ ಹೇಳಿದರೆ ಮಣ್ಣಿನ ರುಚಿ. ಬಟ್ಟಲು ಬಲ್ಲವರು ಕಾಲಿನ ಹತ್ತಿರವೇ ಜಾಸ್ತಿ ಹೊತ್ತು ನಿಲ್ಲುತ್ತಾರೆ.

ಕಾಲು ನೋಡುವ ಅಭ್ಯಾಸ ಒಮ್ಮೆ ಒಂದು ಇತಿಹಾಸವನ್ನೇ ತಿದ್ದಿತು. ಅದನ್ನು ಹೇಳಿ ಮುಂದೆ ಹೋಗುತ್ತೇನೆ.

ಶಿನೊ ಎಂಬ ಬಗೆಯ ಬಟ್ಟಲುಗಳಿವೆ. ಮೇಲೆ ದಪ್ಪನೆಯ ಬಿಳಿ ಮೆರುಗು, ಹಾಲಿನ ಕೆನೆಯ ಹಾಗೆ, ಅದರಲ್ಲಿ ಸಣ್ಣ ಸಣ್ಣ ತೂತು. ಫೆಲ್ಡ್‌ಸ್ಪಾರ್ ಕಲ್ಲಿನ ಪುಡಿಯಿಂದ ಬರುವ ಮೆರುಗು ಅದು. ಕೆಳಗೆ ಕಬ್ಬಿಣದ ಬಣ್ಣದಲ್ಲಿ ಎಳೆದ ಸುಮ್ನೆ ನಾಲ್ಕು ಗೆರೆ. 16ನೇ ಶತಮಾನದ ಕೊನೆಗೆ ಹುಟ್ಟಿ ಸ್ವಲ್ಪ ಕಾಲದಲ್ಲೇ ನಿಂತುಹೋದ ಕೆಲಸ. ಇವೆಲ್ಲ ಸೆತೊ ಎಂಬ ಊರಿನಲ್ಲಿ ಆದದ್ದು ಎಂದೇ ಎಲ್ಲರೂ ನಂಬಿದ್ದರು. 1930ರಲ್ಲಿ ಅರಕಾವ ತೊಯೊಜೊ ಎಂಬ ಕುಂಬಾರನಿಗೆ ನಗೋಯಾದಲ್ಲಿ ಒಂದು ಹಳೆಯ ಶಿನೊ ಬಟ್ಟಲನ್ನು ಕೈಯಲ್ಲಿ ಹಿಡಿಯುವ ಅವಕಾಶ ಸಿಕ್ಕಿತು. ಅದರ ಮೇಲೆ ಬಿದಿರಿನ ಕಳಲೆಯ ಚಿತ್ರ. ಬೋರಲು ಹಾಕಿ ನೋಡಿದ. ಕಾಲಿನ ಒಳಗೆ ಕೆಂಪು ಮಣ್ಣಿನ ಒಂದು ಚೂರು ಅಂಟಿತ್ತು. ಸುಡುವಾಗ ಬಟ್ಟಲು ಅಂಟಿಕೊಳ್ಳದಿರಲಿ ಎಂದು ಕೆಳಗೆ ಕೊಡುವ ಮಣ್ಣು ಅದು. ಸೆತೊ ಕಡೆಯ ಮಣ್ಣು ಅಂಥದ್ದಲ್ಲ ಎಂದು ಅವನಿಗೆ ಅನಿಸಿತು. ಅವನು ಹುಟ್ಟಿ ಬೆಳೆದದ್ದು ಬೆಟ್ಟದ ಆಚೆಗಿನ ಮಿನೊ ಸೀಮೆಯಲ್ಲಿ. ಕೆಲವೇ ದಿನದಲ್ಲಿ ಅಲ್ಲಿನ ಓಗಯ ಎಂಬ ಹಳ್ಳಿಯ ಕಾಡಿನಲ್ಲಿ, ಮುತಬೊರ ಎಂಬ ಹಾಳು ಆವಿಗೆಯ ಹತ್ತಿರ ನೆಲ ಕೆದಕಿದ. ಕೈಗೆ ಒಂದು ಚೂರು ಬಂತು. ಅದರ ಮೇಲೂ ಕಳಲೆಯ ಚಿತ್ರ!

ಶಿನೊ ಹುಟ್ಟಿದ್ದು ಮಿನೊದಲ್ಲಿ ಎಂಬುದು ಹೀಗೆ ಗೊತ್ತಾಯಿತು. ಅರಕಾವ ಅಲ್ಲೇ ಆವಿಗೆ ಕಟ್ಟಿಕೊಂಡು, ಯಾರಿಗೂ ನೆನಪಿರದ ಆ ಬಿಳಿಯನ್ನು ಮತ್ತೆ ತರಲು ವರ್ಷಗಟ್ಟಲೆ ಸುಟ್ಟ, ಸೋತ, ಮತ್ತೆ ಸುಟ್ಟ. 1955ರಲ್ಲಿ ಸರ್ಕಾರ ಅವನನ್ನು ದೇಶದ ಜೀವಂತ ನಿಧಿ ಎಂದು ಗೌರವಿಸಿತು. ಅದೇ ಮುತಬೊರದ ಆವಿಗೆಯಲ್ಲಿ ಆದದ್ದೆಂದು ಹೇಳುವ ಒಂದು ಶಿನೊ ಬಟ್ಟಲು ಈಗ ಟೋಕಿಯೊದ ಮಿತ್ಸುಯಿ ಸಂಗ್ರಹಾಲಯದಲ್ಲಿದೆ. ಹೆಸರು ಉನೊಹನಗಾಕಿ, ಬಿಳಿ ಹೂವಿನ ಬೇಲಿ ಎಂದರ್ಥ. ಜಪಾನಿನ ರಾಷ್ಟ್ರೀಯ ನಿಧಿಗಳ ಪಟ್ಟಿಯಲ್ಲಿ ಚಹಾ ಬಟ್ಟಲುಗಳು ಎಂಟು ಮಾತ್ರ. ಅದರಲ್ಲಿ ಐದು ಚೀನಾದಲ್ಲಿ ಆದವು, ಒಂದು ಕೊರಿಯಾದಲ್ಲಿ. ಜಪಾನಿನಲ್ಲೇ ಆದದ್ದು ಎರಡೇ, ಅದರಲ್ಲಿ ಇದೊಂದು.

ಎಂಟರಲ್ಲಿ ಆರು ಹೊರಗಿನವು ಎಂಬುದು ಮೊದಲು ಕೇಳಿದಾಗ ನನಗೆ ಆಶ್ಚರ್ಯವಾಗಿತ್ತು. ಆದರೆ ಚಹಾ ಹೋದ ದಾರಿಯೇ ಅದು. ಚೀನಾಕ್ಕೆ ಹೋದ ಬೌದ್ಧ ಭಿಕ್ಷುಗಳು ಚಹಾದ ಜೊತೆ ಬಟ್ಟಲುಗಳನ್ನೂ ತಂದರು. ಕಪ್ಪು ಮೆರುಗಿನ ತೆನ್ಮೊಕು ಬಟ್ಟಲುಗಳಿಗೆ ಬಹಳ ಮರ್ಯಾದೆ ಇತ್ತು. ಫುಜಿಯಾನ್ ಪ್ರಾಂತದಲ್ಲಿ ಸುಟ್ಟವು. ಅವುಗಳಲ್ಲಿ ಕೆಲವಕ್ಕೆ ಒಳಗೆ ನೀಲಿ ನಕ್ಷತ್ರದಂತೆ ಹೊಳೆಯುವ ಚುಕ್ಕೆಗಳು. 15, 16ನೇ ಶತಮಾನದಲ್ಲಿ ಕೆಲವರ ಮನಸ್ಸು ಈ ಹೊಳಪಿನಿಂದ ನಿಧಾನವಾಗಿ ದೂರ ಸರಿಯಿತು. ಚಹಾ ಗುರು ರಿಕ್ಯೂವಿನ ಶಿಷ್ಯ ಯಮನೊಉಎ ಸೋಜಿ 1588ರ ಸುಮಾರಿಗೆ ಬರೆದಿಟ್ಟಿದ್ದಾನೆ: ಚೀನಾ ಬಟ್ಟಲುಗಳ ಕಾಲ ಮುಗಿಯಿತು, ಈಗ ಕೊರಿಯಾದ್ದು, ಸೆತೊದ್ದು, ಈಗಿನವರು ಮಾಡಿದ್ದೂ ನಡೆಯುತ್ತದೆ, ಆಕಾರ ಚೆನ್ನಾಗಿದ್ದರೆ ಸಾಕು.

ಆ ಕೊರಿಯಾ ಬಟ್ಟಲುಗಳಲ್ಲಿ ಹೆಸರಾದದ್ದು ಕಿಝಾಎಮೊನ್ ಈದೊ. ಕ್ಯೋಟೊದ ದೈತೊಕುಜಿ ಮಠದ ಒಳಗೆ ಕೊಹೋ-ಆನ್ ಎಂಬ ಸಣ್ಣ ಮಠವಿದೆ, ಅಲ್ಲಿದೆ. ಚಿತ್ರ ನೋಡಿದರೆ ನಿಮಗೆ ಏನೂ ಅನಿಸದಿರಬಹುದು. ಬಾಯಿ 15 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಹಳದಿ ಕಂದು ಬಣ್ಣ. ತಿಗರಿಯ ಮೇಲೆ ಬೆರಳು ಓಡಿದ ಗೆರೆಗಳು ಹಾಗೇ ಉಳಿದಿವೆ. ಸ್ವಲ್ಪ ಸೊಟ್ಟ. ಮೈ ತುಂಬ ಕೂದಲಿನಂಥ ಬಿರುಕು. ಕಾಲಿನ ಸುತ್ತ ಮೆರುಗು ಸರಿಯಾಗಿ ಕರಗದೆ ಹನಿ ಹನಿಯಾಗಿ ಗಂಟುಕಟ್ಟಿದೆ. ಕುಂಬಾರನ ಲೆಕ್ಕದಲ್ಲಿ ಅದು ತಪ್ಪು. ಚಹಾದವರು ಅದನ್ನೇ ಮೆಚ್ಚಿಕೊಂಡರು, ಕತ್ತಿಯ ಹಿಡಿಗೆ ಸುತ್ತುವ ಮೀನಿನ ಚರ್ಮದ ಹೆಸರು ಕೊಟ್ಟು ಕೈರಗಿ ಎಂದು ಕರೆದರು.

ಕೊರಿಯಾದ ಯಾವ ಕುಂಬಾರ ಇದನ್ನು ಮಾಡಿದ ಎಂದು ಯಾರಿಗೂ ತಿಳಿಯದು. ಅನ್ನ ಉಣ್ಣುವ ದಿನಬಳಕೆಯ ಬಟ್ಟಲು ಎಂದು ಬಹುಕಾಲದಿಂದ ಹೇಳುತ್ತಾ ಬಂದಿದ್ದಾರೆ. ಪೂಜೆಗೆ ಬಳಸಿದ್ದು ಎನ್ನುವ ವಿದ್ವಾಂಸರೂ ಇದ್ದಾರೆ. ಏನೇ ಇರಲಿ, ಮಾಡಿದವನ ಮನಸ್ಸಿನಲ್ಲಿ ಜಪಾನಿನ ಚಹಾ ಇರಲಿಲ್ಲ. ಒಸಾಕಾದ ತಕೆದಾ ಕಿಝಾಎಮೊನ್ ಎಂಬ ವ್ಯಾಪಾರಿಯ ಹತ್ತಿರ ಇತ್ತು, ಅವನ ಹೆಸರೇ ಬಟ್ಟಲಿಗೆ ನಿಂತಿತು. ಆಸ್ತಿಯೆಲ್ಲ ಹೋದರೂ ಬಟ್ಟಲು ಮಾತ್ರ ಬಿಡಲಿಲ್ಲವಂತೆ. ಆಮೇಲೆ ಮತ್ಸುಎ ಸೀಮೆಯ ದೊರೆ ಮತ್ಸುದೈರ ಫುಮಾಯ್ ಕೊಂಡ. ಹಿಡಿದವರಿಗೆಲ್ಲ ಮೈಮೇಲೆ ಕುರು ಏಳುತ್ತದೆ ಎಂಬ ಕತೆ ಅದರ ಬೆನ್ನಿಗೆ ಅಂಟಿತ್ತು. ಫುಮಾಯ್‌ಗೂ ಎದ್ದಿತು ಎನ್ನುತ್ತಾರೆ. ಕೊನೆಗೆ ಮನೆಯವರು ಮಠಕ್ಕೆ ಒಪ್ಪಿಸಿದರು. 1931ರಲ್ಲಿ ಯಾನಗಿ ಸೋಎತ್ಸು ಅದನ್ನು ನೋಡಲು ಹೋದರು. ಜನಪದ ಕರಕುಶಲ ಕೆಲಸಗಳ ಬಗ್ಗೆ ಜಪಾನಿನ ಕಣ್ಣು ತೆರೆಸಿದವರು ಅವರು. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ರೇಷ್ಮೆ ಬಟ್ಟೆ, ಅದರೊಳಗೆ ಈ ಬಡವರ ಬಟ್ಟಲು. ಇಷ್ಟು ಸಾದಾ ಆಗಿರುವುದೇ ಇದರ ಚೆಲುವು ಎಂದು ಅವರು ಬರೆದರು.

ನನಗೆ ಅದರ ಜೊತೆ ಇನ್ನೊಂದೂ ಕಾಣುತ್ತದೆ. ಆ ಬಟ್ಟಲನ್ನು ಯಾರೋ ಒಬ್ಬರು ರಾಶಿಯಿಂದ ಎತ್ತಿದರು. ಬೋರಲು ಹಾಕಿ ನೋಡಿದರು. ಇದರಲ್ಲಿ ಚಹಾ ಕಡೆಯಬಹುದು ಎಂದು ತೀರ್ಮಾನಿಸಿದರು. ಆರಿಸುವುದೂ ಮಾಡುವುದರಷ್ಟೇ ದೊಡ್ಡ ಕೆಲಸ. ಮಾಡಿದವನಿಗೆ ಹೆಸರು ಸಿಗದೆ ಕೊಂಡವನ ಹೆಸರು ಉಳಿದದ್ದು ಮಾತ್ರ ನನಗೆ ಇವತ್ತಿಗೂ ನೋವು ಕೊಡುತ್ತದೆ.

ಈಗ ಚೋಜಿರೊ ಹತ್ತಿರ ಬರೋಣ. ನಾನು ನಿಜಕ್ಕೂ ಮಾತಾಡಬೇಕೆಂದು ಬಂದದ್ದು ಅವನ ಬಗ್ಗೆ.

ಸೆನ್ ನೊ ರಿಕ್ಯೂ ಹೆಸರು ಕೇಳಿರುತ್ತೀರಿ. 1522ರಲ್ಲಿ ಸಕಾಯ್ ಬಂದರಿನ ವ್ಯಾಪಾರಿ ಮನೆಯಲ್ಲಿ ಹುಟ್ಟಿದವನು, ಹಿದೆಯೋಶಿ ಎಂಬ ದೊಡ್ಡ ಯೋಧ ದೊರೆಗೆ ಚಹಾ ಗುರು. ಚಹಾ ಕೋಣೆಯನ್ನು ಎರಡು ಚಾಪೆಯ ಅಳತೆಗೆ ಇಳಿಸಿದವನು. ಚೋಜಿರೊ ಕ್ಯೋಟೊದ ಕುಶಲಕರ್ಮಿ. ಅವನ ತಂದೆ ಚೀನಾದಿಂದ ಬಂದವನು ಎನ್ನುತ್ತಾರೆ. ಚಾವಣಿಯ ಮೇಲೆ ಕೂರಿಸುವಂಥ ಒಂದು ಮಣ್ಣಿನ ಸಿಂಹ ಉಳಿದಿದೆ, 1574ರ ವಸಂತದಲ್ಲಿ ಮಾಡಿದ್ದೆಂದು ಚೋಜಿರೊ ಅದರ ಮೇಲೆ ಬರೆದಿದ್ದಾನೆ. ಬಾಯ್ದೆರೆದು ಬಾಲ ಎತ್ತಿದ, ತುಂಬ ಆವೇಶದ ಸಿಂಹ. ಅದೇ ಕೈ, ರಿಕ್ಯೂವಿನ ಜೊತೆ ಸೇರಿದ ಮೇಲೆ, ಏನೂ ಹೇಳದ ಕಪ್ಪು ಬಟ್ಟಲುಗಳನ್ನು ಮಾಡಿತು. 1586ರ ಒಂದು ಚಹಾ ದಿನಚರಿಯಲ್ಲಿ ರಿಕ್ಯೂ ಮಾದರಿಯ ಬಟ್ಟಲು ಎಂಬ ಮಾತು ಬರುತ್ತದೆ. ಜನ ಅದನ್ನು ಈಗಿನ ಬಟ್ಟಲು ಎಂದೇ ಕರೆಯುತ್ತಿದ್ದರು. ರಾಕು ಎಂಬ ಹೆಸರು ಆಮೇಲೆ ನಿಂತದ್ದು.

ರಾಕು ಬಟ್ಟಲಿಗೆ ತಿಗರಿ ಇಲ್ಲ. ಮಣ್ಣನ್ನು ರೊಟ್ಟಿಯ ಹಾಗೆ ತಟ್ಟುತ್ತಾರೆ. ಅಂಚನ್ನು ಎರಡೂ ಅಂಗೈಯಿಂದ ಸ್ವಲ್ಪ ಸ್ವಲ್ಪವೇ ಮೇಲೆತ್ತುತ್ತಾರೆ. ನೀರು ಕುಡಿಯಲು ಬೊಗಸೆ ಒಡ್ಡುತ್ತೇವಲ್ಲ, ಆ ಬೊಗಸೆಯ ಆಕಾರವೇ ಮಣ್ಣಿಗೆ ಇಳಿಯುತ್ತದೆ. ಅರೆ ಒಣಗಿದ ಮೇಲೆ ಚಾಕುವಿನಂಥ ಹಲಗೆಯಿಂದ ಒಳಗೂ ಹೊರಗೂ ಕೆತ್ತುತ್ತಾರೆ. ಅಂಚು ಒಳಕ್ಕೆ ಸ್ವಲ್ಪ ಬಾಗಿರುತ್ತದೆ, ಮಟ್ಟವಾಗಿರದೆ ಮೆಲ್ಲಗೆ ಏರಿಳಿಯುತ್ತದೆ. ಕಮೊ ನದಿಯ ಕಲ್ಲು ಪುಡಿ ಮಾಡಿದ ಮೆರುಗನ್ನು ಬಳಿದು, ಒಣಗಿಸಿ, ಮತ್ತೆ ಬಳಿಯುತ್ತಾರೆ. ಆವಿಗೆ ಎಷ್ಟು ಚಿಕ್ಕದೆಂದರೆ ಕಪ್ಪು ಬಟ್ಟಲು ಒಂದು ಸಲಕ್ಕೆ ಒಂದೇ. ಇದ್ದಿಲು, ತಿದಿ, 1,000 ಡಿಗ್ರಿಗೂ ಮೀರಿದ ಉರಿ. ಮೆರುಗು ಕರಗಿ ಹೊಳೆಯತೊಡಗಿದ ಕ್ಷಣವೇ ಕಬ್ಬಿಣದ ಇಕ್ಕಳದಲ್ಲಿ ಹಿಡಿದು, ಕೆಂಡದಂತಿರುವ ಬಟ್ಟಲನ್ನು ಹೊರಗೆ ಎಳೆಯುತ್ತಾರೆ. ಥಟ್ಟನೆ ಆರುವಾಗ ಅದು ಕಪ್ಪಾಗುತ್ತದೆ. ಇಕ್ಕಳದ ಗುರುತು ಬಟ್ಟಲಿನ ಮೈಮೇಲೆ ಉಳಿದುಬಿಡುತ್ತದೆ.

ನಿಮ್ಮಲ್ಲಿ ಹಲವರು ಇಲ್ಲಿನ ಸ್ಟುಡಿಯೊಗಳಲ್ಲಿ ರಾಕು ಸುಟ್ಟಿದ್ದೀರಿ. ಬಿಸಿ ಬಟ್ಟಲನ್ನು ಮರದ ಹೊಟ್ಟಿನೊಳಗೆ ಹಾಕಿ ಹೊಗೆ ಕುಡಿಸುವ ಆ ಕ್ರಮ 1960ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಅದರ ಚೆಲುವು ಅದಕ್ಕಿದೆ. ಆದರೆ ಕ್ಯೋಟೊದ ರಾಕು ಮನೆಯಲ್ಲಿ ಹೊಟ್ಟೂ ಇಲ್ಲ, ಹೊಗೆಯೂ ಇಲ್ಲ. ಆ ಮನೆ ಇನ್ನೂ ಇದೆ. ಕಿಚಿಝೇಮೊನ್ ಎಂಬ ಹೆಸರನ್ನು ಈಗ ಹೊತ್ತಿರುವವರು 16ನೇ ತಲೆಮಾರಿನವರು. ಒಂದು ತಲೆಮಾರು ಹುಡುಕಿ ತಂದ ಮಣ್ಣನ್ನು ಮುಂದಿನವರಿಗಾಗಿ ತೆಗೆದಿಡುತ್ತದೆ. ತಾನು ಬಳಸುವುದು ಹಿರಿಯರು ಇಟ್ಟುಹೋದ ಮಣ್ಣನ್ನು. ಹಲಸಿನ ಗಿಡ ನೆಟ್ಟವರು ಹಣ್ಣು ತಿನ್ನುವ ಲೆಕ್ಕ ಹಾಕುವುದಿಲ್ಲವಲ್ಲ, ಹಾಗೆ.

ಯಾಕೆ ಕಪ್ಪು? ಹಸಿರು ಚಹಾ ಕಪ್ಪಿನಲ್ಲಿ ಕಂಡಂತೆ ಬೇರೆಲ್ಲೂ ಕಾಣುವುದಿಲ್ಲ ಎಂಬುದು ಒಂದು ಉತ್ತರ. ಹಕತದ ವ್ಯಾಪಾರಿ ಕಮಿಯ ಸೋತನ್ 1590ರಲ್ಲಿ ತನ್ನ ದಿನಚರಿಯಲ್ಲಿ ಇನ್ನೊಂದನ್ನು ಬರೆದಿದ್ದಾನೆ. ಕೆಂಪು ಚದುರಿದ ಮನಸ್ಸು, ಕಪ್ಪು ಹಳೆಯ ಮನಸ್ಸು ಎಂದು ರಿಕ್ಯೂ ಹೇಳಿದನಂತೆ. ಕಪ್ಪು ಬಟ್ಟಲಿನಲ್ಲಿ ಚಹಾ ಕೊಟ್ಟರೆ ದೊರೆಗೆ ಇಷ್ಟವಾಗುವುದಿಲ್ಲ ಎಂದೂ ಹೇಳಿದನಂತೆ. ಹಿದೆಯೋಶಿ ಚಿನ್ನದ ತಗಡು ಹೊದಿಸಿದ ಚಹಾ ಕೋಣೆ ಮಾಡಿಸಿಕೊಂಡಿದ್ದವನು. ಮರುವರ್ಷ, 1591ರಲ್ಲಿ, ಅವನ ಆಜ್ಞೆಯಂತೆ ರಿಕ್ಯೂ ಹೊಟ್ಟೆ ಬಗೆದುಕೊಂಡು ಸತ್ತ. ಕಾರಣ ಏನೆಂದು ಇವತ್ತಿಗೂ ವಾದಿಸುತ್ತಾರೆ. ಬಟ್ಟಲಿನ ಬಣ್ಣಕ್ಕೆ ಯಾರೂ ತಲೆ ತೆಗೆಯುವುದಿಲ್ಲ ನಿಜ. ಆದರೂ ಚೋಜಿರೊನ ಕಪ್ಪು ಬಟ್ಟಲಿನ ಎದುರು ನಿಂತಾಗ, ಚಿನ್ನದ ಕೋಣೆಗೆ ಅದು ಕೊಟ್ಟ ಉತ್ತರ ನನ್ನ ಕಿವಿಗೆ ಕೇಳುತ್ತದೆ.

ಹಾಗಿ ಊರಿನ ಕತೆಯೂ ಹಿದೆಯೋಶಿಯಿಂದಲೇ ಶುರುವಾಗುತ್ತದೆ. 1592ರಿಂದ 1598ರವರೆಗೆ ಅವನ ಸೇನೆ ಎರಡು ಸಲ ಕೊರಿಯಾದ ಮೇಲೆ ನುಗ್ಗಿತು. ಹಿಂದೆ ಬರುವಾಗ ದಳಪತಿಗಳು ಅಲ್ಲಿನ ಕುಂಬಾರರನ್ನು ಹಿಡಿದು ತಂದರು. ಯಿ ಮನೆತನದ ಅಣ್ಣತಮ್ಮಂದಿರಿಬ್ಬರು ಮೋರಿ ದೊರೆಯ ಸೀಮೆಗೆ ಬಂದರು. ಹಾಗಿಯಲ್ಲಿ ಮೊದಲ ಆವಿಗೆ ಹೊತ್ತಿಸಿದವರು ಅವರು. ತಮ್ಮನಿಗೆ ದೊರೆ ಕೊರಾಯ್‌ಝಾಎಮೊನ್ ಎಂಬ ಪದವಿ ಕೊಟ್ಟ, ಅದರೊಳಗೇ ಕೊರಿಯಾ ಎಂಬ ಮಾತಿದೆ. ಬಿಟ್ಟುಬಂದ ನೆಲದ ಹೆಸರನ್ನೇ ತಲೆಮಾರುಗಳ ಕಾಲ ಹೊತ್ತರು. ಈ ಬಟ್ಟಲು ಮೆಚ್ಚುವಾಗ ಇದನ್ನು ಮರೆಯಬಾರದು.

ಈಗ ಬಟ್ಟಲು ಹಿಡಿದಿರುವವರು ಒಳಗೆ ನೋಡಿ. ಮೈಯೆಲ್ಲ ಬಲೆಯಂಥ ಸಣ್ಣ ಬಿರುಕು ಕಾಣುತ್ತದೆ. ಮೆರುಗೂ ಮಣ್ಣೂ ಆರುವಾಗ ಒಂದೇ ಸಮ ಕುಗ್ಗುವುದಿಲ್ಲ, ಅದಕ್ಕೆ ಈ ಬಲೆ. ಹಾಗಿಯ ಮಣ್ಣು ಮೆತ್ತಗೆ ಬೆಂದಿರುತ್ತದೆ, ನೀರು ಹೀರುತ್ತದೆ. ಚಹಾ ಆ ಬಿರುಕುಗಳೊಳಗೆ ಇಳಿಯುತ್ತದೆ. ನಾನು ತಂದಾಗ ಇದರ ಬಣ್ಣ ತೆಳು ಕೆನೆ. ಈಗ ತಳದ ಹತ್ತಿರ ಜೇನಿನ ಬಣ್ಣ. ಅಂಚಿನ ಒಂದು ಕಡೆ ತಿಳಿ ಗುಲಾಬಿ ಇದೆ, ನನ್ನ ಹೆಬ್ಬೆರಳು ಬರುವ ಜಾಗ ಅದು. ಒಂದು ಕಡೆ ಹಸಿರು ಮಿಶ್ರಿತ ಬೂದು ಮಚ್ಚೆ, ಅದು ಒಂದು ಮಳೆಗಾಲದಲ್ಲಿ ಸರಿಯಾಗಿ ಒಣಗಿಸದೆ ಪೆಟ್ಟಿಗೆಗೆ ಹಾಕಿದ್ದರಿಂದ ಬಂದದ್ದು. ಅದೂ ಅಲ್ಲೇ ಉಳಿದಿದೆ. ಜಪಾನಿನವರು ಇದನ್ನು ಹಾಗಿಯ ಏಳು ವೇಷ ಎನ್ನುತ್ತಾರೆ. ಅದೇ ಚಹಾ, ಅದೇ ನೀರು, ಆದರೆ ಇನ್ನೊಬ್ಬರ ಮನೆಗೆ ಹೋಗಿದ್ದರೆ ಇದು ಬೇರೆ ಬಟ್ಟಲಾಗಿರುತ್ತಿತ್ತು. ಸೋರುವುದು ಎರಡನೇ ವರ್ಷಕ್ಕೇ ನಿಂತಿತು.

ನಮ್ಮ ಕಡೆಗೂ ಈ ಕೆಲಸದ ಒಂದು ಎಳೆ ಬಂದಿದೆ. 1971ರಲ್ಲಿ ಪುದುಚೇರಿಯಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಶುರು ಮಾಡಿದ ಇಬ್ಬರಲ್ಲಿ ಡೆಬೊರಾ ಸ್ಮಿತ್ ಜಪಾನಿನ ಬಿಝೆನ್‌ನಲ್ಲಿ ಕಲಿತು ಬಂದವರು. ದಕ್ಷಿಣ ಭಾರತದ ಎಷ್ಟೋ ಸ್ಟುಡಿಯೊ ಕುಂಬಾರರು ಅಲ್ಲಿಂದ ಹೊರಟವರು. ನೀವು ಬಟ್ಟಲಿನ ಕಾಲು ಕೆತ್ತಲು ಕಲಿಯುವಾಗ ಗುರುಗಳು ಅಷ್ಟು ಹಟ ಹಿಡಿಯುತ್ತಾರಲ್ಲ, ಆ ಹಟದ ಬೇರು ಅಲ್ಲೂ ಇದೆ.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ, ಕೈತಪ್ಪಿ ಬಿದ್ದರೆ ಏನು ಮಾಡುವುದು ಅಂತ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಡೆಯುತ್ತದೆ. ಒಡೆದರೆ ಕೂಡಿಸುವ ಒಂದು ಕ್ರಮ ಇದೆ, ಕಿನ್ತ್ಸುಗಿ. ಇವತ್ತು ಫೋನಿನಲ್ಲಿ ಆ ಪದ ಎಲ್ಲೆಲ್ಲೂ ಸಿಗುತ್ತದೆ, ಮನಸ್ಸಿನ ಗಾಯಕ್ಕೆ ಉಪಮೆಯಾಗಿ. ನಾನು ಆ ಅಂಟಿನ ಬಗ್ಗೆ ಮಾತ್ರ ಹೇಳುತ್ತೇನೆ. ಅದು ಉರುಶಿ ಮರದ ಹಾಲು. ನಮ್ಮ ಗೇರು, ಮಾವು ಇರುವ ಕುಟುಂಬದ್ದೇ ಮರ. ಕರಾವಳಿಯವರಿಗೆ ಗೇರುಸಿಪ್ಪೆಯ ಎಣ್ಣೆ ತಾಗಿ ಚರ್ಮ ಸುಟ್ಟುಕೊಂಡದ್ದು ನೆನಪಿರಬಹುದು. ಉರುಶಿಯೂ ಹಸಿಯಾಗಿದ್ದಾಗ ಮೈ ಕೆರೆಸಿ ಬೊಬ್ಬೆ ಎಬ್ಬಿಸುತ್ತದೆ. ಗಟ್ಟಿಯಾಗಲು ಅದಕ್ಕೆ ಬಿಸಿಲು ಬೇಡ, ತೇವದ ಗಾಳಿ ಬೇಕು. ಹಿಟ್ಟಿನ ಜೊತೆ ಕಲಸಿ ಚೂರುಗಳನ್ನು ಅಂಟಿಸಿ, ತೇವ ಹಿಡಿದ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಇಡುತ್ತಾರೆ. ಸಂದಿಗೆ ಮತ್ತೆ ತುಂಬಿ, ತೀಡಿ, ಮೇಲೆ ಉರುಶಿ ಎಳೆದು ಚಿನ್ನದ ಪುಡಿ ಉದುರಿಸುತ್ತಾರೆ. ಮುಗಿಯಲು ತಿಂಗಳೂ ಹಿಡಿಯಬಹುದು.

ಕೂಡಿಸಲೂ ಆಗದಷ್ಟು ಒಡೆದರೆ? ಚೋಜಿರೊ ಮಾಡಿದ ಒಂದು ಕೆಂಪು ಬಟ್ಟಲಿತ್ತು, ಹೆಸರು ಕಿಮಮೊರಿ. ರಿಕ್ಯೂ ಶಿಷ್ಯರ ಮುಂದೆ ಕೆಲವು ಬಟ್ಟಲು ಇಟ್ಟು, ಬೇಕಾದ್ದು ಆರಿಸಿಕೊಳ್ಳಿ ಎಂದನಂತೆ. ಎಲ್ಲರೂ ಒಂದೊಂದು ಎತ್ತಿಕೊಂಡರು, ಇದೊಂದು ಉಳಿಯಿತು. ಅಲ್ಲಿ ಪರ್ಸಿಮನ್ ಹಣ್ಣು ಕೀಳುವಾಗ ಕೊನೆಯ ಒಂದು ಹಣ್ಣನ್ನು ಮರಕ್ಕೇ ಬಿಡುತ್ತಾರೆ, ಮುಂದಿನ ವರ್ಷವೂ ಮರ ಫಲ ಕೊಡಲಿ ಎಂದು. ಮರ ಕಾಯುವ ಆ ಹಣ್ಣಿಗೆ ಕಿಮಮೊರಿ ಎನ್ನುತ್ತಾರೆ. ಉಳಿದ ಬಟ್ಟಲಿಗೆ ರಿಕ್ಯೂ ಆ ಹೆಸರಿಟ್ಟ. ಯಾರೂ ಆರಿಸದ್ದೇ ಅವನಿಗೆ ಮುದ್ದಿನದಾಯಿತು. 1923ರ ಟೋಕಿಯೊ ಭೂಕಂಪದಲ್ಲಿ ಅದು ನುಚ್ಚುನೂರಾಯಿತು. ರಾಕು ಮನೆಯವರು ಹೊಸದಾಗಿ ಒಂದು ಬಟ್ಟಲು ಮಾಡಿದರು, ಅದರ ಮೈಯೊಳಗೆ ಚೋಜಿರೊನ ಬಟ್ಟಲಿನ ಉಳಿದ ಚೂರನ್ನು ಸೇರಿಸಿ ಸುಟ್ಟರು. ಕಿಮಮೊರಿ ಎಂಬ ಹೆಸರು ಈಗ ಆ ಬಟ್ಟಲಿಗೇ ಇದೆ.

ನೀರು ಕುದಿಯುವ ಸದ್ದು ಕೇಳುತ್ತಿದೆ. ಬಟ್ಟಲು ಯಾರ ಹತ್ತಿರ ಇದೆ? ಮುಂದಕ್ಕೆ ದಾಟಿಸಿ. ಇದರಲ್ಲೇ ಚಹಾ ಮಾಡುತ್ತೇನೆ, ಒಬ್ಬರ ನಂತರ ಒಬ್ಬರು ಬನ್ನಿ. ಕಾಲು ನೋಡಲು ಆಗದಿದ್ದವರು ಕುಡಿದಾದ ಮೇಲೆ ಬೋರಲು ಹಾಕಿ ನೋಡಿ, ಅವಸರ ಬೇಡ.